ಬಸಣ್ಣನ ಕಾರು, ಲಲಿತಾಳ ನೋಟ್‌ಬುಕ್ಕು

ಯಲ್ಲಾಪುರದ ನಮ್ಮ ಗ್ಯಾರೇಜಿನ ಕೀಲಿಯನ್ನು ಬೇರೆಯವರ ಕೈಗೆ ಕೊಟ್ಟು ಹತ್ತು ತಿಂಗಳಾಯಿತು. ಲಲಿತಾ ಹೋಗಿ ಹನ್ನೊಂದು ತಿಂಗಳು. ಲಲಿತಾ ನನ್ನ ಹೆಂಡತಿ. ಗ್ಯಾರೇಜಿನ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ಇಪ್ಪತ್ತೆರಡು ವರ್ಷ ಕೂತವಳು. ಬಂದವರನ್ನು ಮಾತಾಡಿಸುವುದು, ಬರೆಯುವುದು, ಓದುವುದು ಅವಳ ಪಾಲು. ಗಾಡಿಯ ಕೆಳಗೆ ಮಲಗುವುದು ನನ್ನ ಪಾಲು.

ಹೋದ ತಿಂಗಳು ಐಟಿಐನ ಮೇಷ್ಟ್ರೊಬ್ಬರು ಮನೆಗೆ ಬಂದಿದ್ದರು. "ಆಟೋಮ್ಯಾಟಿಕ್ ಗಾಡಿಗಳ ಬಗ್ಗೆ ನಮ್ಮ ಹುಡುಗ ಹುಡುಗಿಯರಿಗೆ ಏನಾದರೂ ಬರೆದುಕೊಡಿ. ಸ್ಕ್ಯಾನರ್ ಹಿಡಿಯುವುದನ್ನು ನಾವು ಕಲಿಸ್ತೇವೆ. ನಿಮಗೆ ಏನೇನು ತಪ್ಪಿತು, ಅದನ್ನು ಬರೀರಿ" ಎಂದರು. ತಪ್ಪಿದ್ದನ್ನು ಬರೆಯುವುದಾದರೆ ನನ್ನ ಹತ್ತಿರ ಬೇಕಾದಷ್ಟಿದೆ. ಆದರೆ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಮಾಡಿದವನು. ಪತ್ರ ಬರೆಯುವುದಿದ್ದರೂ ಲಲಿತಾಳ ಕೈಗೆ ಪೆನ್ನು ಕೊಡುತ್ತಿದ್ದೆ. ಗ್ಯಾರೇಜು ಬಿಡುವಾಗ ಅವಳ ಮೇಜನ್ನೂ ನೋಟ್‌ಬುಕ್ಕುಗಳನ್ನೂ ಮನೆಗೆ ತಂದಿದ್ದೇನೆ. ಅದೇ ಮೇಜಿನ ಮೇಲೆ, ಅವಳ ನೋಟ್‌ಬುಕ್ಕುಗಳನ್ನು ತೆರೆದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನನ್ನ ಅತಿ ದೊಡ್ಡ ತಪ್ಪು ಇದನ್ನು ಬರೆಯಲು ಕೂತ ಮೇಲೆಯೇ ನನಗೆ ಗೊತ್ತಾದದ್ದು. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ನನಗೆ ಕಲಿಸಿದವರ ಮಾತು. ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ನಾನು ಒಂಬತ್ತು ವರ್ಷ ಇದ್ದೆ. ಅಲ್ಲಿ ಪೀರಣ್ಣ ಎಂಬ ಫೋರ್‌ಮನ್ ಇದ್ದರು. ಆಗ ಕ್ಲಚ್ ಪೆಡಲ್ ಇಲ್ಲದ ಕಾರು ಎಂದರೆ ನೋಡಲು ಜನ ಸೇರುತ್ತಿದ್ದರು. ವರ್ಷಕ್ಕೆ ಒಂದೋ ಎರಡೋ ಬರುತ್ತಿದ್ದವು. ಪೀರಣ್ಣ ಗೇರ್‌ಬಾಕ್ಸಿನ ಎಣ್ಣೆಯನ್ನು ಕಡ್ಡಿಯಲ್ಲಿ ಎತ್ತಿ ಬಿಳಿ ಕಾಗದದ ಮೇಲೆ ಒಂದು ಹನಿ ಬಿಡುತ್ತಿದ್ದರು. "ಕೆಂಪ ಇದ್ರ ಆರಾಮ ಐತಿ. ಕಂದ ಆದ್ರ ಜ್ವರ ಬಂದೈತಿ. ಕರಿ ಆಗಿ ಸುಟ್ಟ ವಾಸನಿ ಹೊಡದ್ರ, ತಮ್ಮಾ, ನಾಕ ಮಂದೀನ ಕರಕೊಂಡ ಬಾ, ಹೊರೂದೈತಿ" ಎನ್ನುತ್ತಿದ್ದರು.

ಅವರ ಇನ್ನೊಂದು ಪದ್ಧತಿ ನಮಗೆಲ್ಲ ಬೇಸರ ತರಿಸುತ್ತಿತ್ತು. ಗಾಡಿ ಬಂದ ಕೂಡಲೇ ಬಾನೆಟ್ ತೆಗೆಯಲು ಬಿಡುತ್ತಿರಲಿಲ್ಲ. ಓಡಿಸಿಕೊಂಡು ಬಂದವನ ಕೈಯಲ್ಲೇ ಗಾಡಿ ಓಡಿಸಿ, ತಾವು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ನಾನೊಮ್ಮೆ ಸ್ಪ್ಯಾನರ್ ಹಿಡಿದು ಮುಂದೆ ನುಗ್ಗಿದಾಗ, "ಏ, ಮೊದ್ಲ ಅಂವಗ ಕೇಳಲೇ. ಗಾಡಿ ಎಲ್ಲಿಗೂ ಓಡಿಹೋಗೂದಿಲ್ಲ. ಅದರ ಟೈರ್ ನೀನ ಬಿಚ್ಚೀದಿ" ಎಂದು ನಗಿಸಿದ್ದರು. ನಕ್ಕೆ. ಕಲಿತೆ ಎಂದುಕೊಂಡೆ. ಕಲಿತಿರಲಿಲ್ಲ.

ಮುಂದೆ ಯಲ್ಲಾಪುರಕ್ಕೆ ಬಂದು ಹೆದ್ದಾರಿಯ ಪಕ್ಕ ಸ್ವಂತ ಗ್ಯಾರೇಜು ಹಾಕಿದೆ. ಬಹಳ ವರ್ಷ ಲಾರಿ, ಜೀಪುಗಳದ್ದೇ ಕೆಲಸ. ಆಟೋಮ್ಯಾಟಿಕ್ ಕಾರುಗಳು ನಮ್ಮ ಕಡೆ ಶುರುವಾದದ್ದು ಈಗ್ಗೆ ಹತ್ತು ಹನ್ನೆರಡು ವರ್ಷದ ಹಿಂದೆ. ತಕ್ಕೊಂಡವರು ಯಾರು ಎಂದು ನೋಟ್‌ಬುಕ್ಕಿನಲ್ಲಿ ನೋಡಿದರೆ ಗೊತ್ತಾಗುತ್ತದೆ: ಮಂಡಿ ಸವೆದವರು, ಐವತ್ತು ದಾಟಿದ ಮೇಲೆ ಗಾಡಿ ಕಲಿತ ಹೆಂಗಸರು, ಬೆನ್ನಿನ ಆಪರೇಷನ್ ಆದವರು, ಒಂದು ಕಾಲು ಇಲ್ಲದವರು. ಇವರೆಲ್ಲ ಕಾರನ್ನು ರಿಪೇರಿಗೆ ಬಿಟ್ಟು ಹೋದರೆ ಮನೆಯ ಇನ್ನೊಂದು ಗಾಡಿ ಹಿಡಿಯುವ ಹಾಗಿಲ್ಲ. ಕಾರು ಗ್ಯಾರೇಜಿನಲ್ಲಿ ನಿಂತ ದಿನ ಅವರೂ ಮನೆಯಲ್ಲಿ ನಿಂತ ಹಾಗೆ. ನೀವು ಈ ಕೆಲಸಕ್ಕೆ ಬರುವಾಗ ಇದನ್ನು ಮೊದಲು ತಿಳಿದಿರಬೇಕು.

ಸ್ಕ್ಯಾನರ್ ಬಂದ ದಿನ ಚೆನ್ನಾಗಿ ನೆನಪಿದೆ. ಇಟ್ಟಿಗೆಯಷ್ಟು ದಪ್ಪ, ಸುತ್ತ ರಬ್ಬರಿನ ಅಂಚು. ಅದರ ವೈರನ್ನು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಕಾರಿನ ಕಂಪ್ಯೂಟರು ತನಗೆ ಕಂಡ ದೋಷವನ್ನು ಪರದೆಯ ಮೇಲೆ ತೋರಿಸುತ್ತದೆ. ಒಂದು ಅಕ್ಷರ, ನಾಲ್ಕು ಅಂಕಿ, ಕೆಳಗೆ ಒಂದು ಸಾಲು ಇಂಗ್ಲಿಷು. ನಾಲ್ಕು ಅಂಕಿ ನನಗೆ ಸಲೀಸು. ಆ ಒಂದು ಸಾಲು ಕೂಡಿಸಿ ಓದುವಷ್ಟರಲ್ಲಿ ಪರದೆ ಆರಿಹೋಗುತ್ತಿತ್ತು. ಲಲಿತಾ ಪಿಯುಸಿ ಓದಿ ಟೈಪಿಂಗ್ ಕಲಿತವಳು. ಮೇಜು ಬಿಟ್ಟು ಎದ್ದು ಬಂದು, ಡ್ರೈವರ್ ಸೀಟಿನಲ್ಲಿ ಕೂತು ಓದಿದಳು.

"ನಿಂಗೆ ಇಂಗ್ಲಿಷ್ ಬರ್ತದೆ, ನಂಗೆ ಗೇರ್‌ಬಾಕ್ಸ್ ಬರ್ತದೆ" ಎಂದೆ.

"ಹಂಗಾದ್ರೆ ಇಬ್ಬರು ಸೇರಿ ಒಂದು ಮೆಕ್ಯಾನಿಕ್ ಆಯ್ತು ಅನ್ನಿ" ಎಂದಳು.

ಆ ಯಂತ್ರ ಬಂದ ಹೊಸತರಲ್ಲಿ ನನಗೆ ತಲೆ ತಿರುಗಿತ್ತು. ಗಾಡಿಯವರು ಮಾತು ಶುರು ಮಾಡುವ ಮೊದಲೇ ವೈರ್ ಚುಚ್ಚುತ್ತಿದ್ದೆ. "ನೀವು ಕೂತ್ಕೊಳ್ಳಿ, ಅದೇ ಹೇಳ್ತದೆ" ಎನ್ನುತ್ತಿದ್ದೆ. ಡಾಕ್ಟರ ಕೋಣೆಯಲ್ಲಿ ಕೂತ ಹಾಗೆ ಜನ ಕೈಕಟ್ಟಿ ಕೂರುತ್ತಿದ್ದರು. ನನಗೆ ಅದು ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆ ಖುಷಿ ಇಳಿಸಿದವರು ಸಿದ್ದಾಪುರದ ಸಾವಿತ್ರಕ್ಕ. ನಿವೃತ್ತ ಹೆಡ್‌ಮಿಸ್ಟ್ರೆಸ್. ಎರಡೂ ಮಂಡಿ ನೋವು. ಅವರ ಕಾರು ಮೂರನೇ ಗೇರಿನಲ್ಲಿ ಹಿಡಿದುಕೊಂಡು ಬಿಟ್ಟಿತ್ತು. ಸ್ಕ್ಯಾನರ್ ಹಚ್ಚಿದರೆ ಒಂದರ ಹಿಂದೆ ಒಂದು ಒಂಬತ್ತು ಕೋಡು. ಒಂಬತ್ತೂ ಗೇರ್‌ಬಾಕ್ಸಿನ ಕಡೆಯವು. ಗೇರ್‌ಬಾಕ್ಸಿನ ಕಂಪ್ಯೂಟರೇ ಸತ್ತಿದೆ ಎಂದು ತೀರ್ಮಾನಿಸಿ, ಕಾರನ್ನು ಲಾರಿಯ ಮೇಲೆ ಹೇರಿಸಿ ಹುಬ್ಬಳ್ಳಿಗೆ ಕಳಿಸಿದೆ. ಸಾವಿತ್ರಕ್ಕ ಏನೋ ಹೇಳಲು ಎರಡು ಸಲ ಬಾಯಿ ತೆರೆದಿದ್ದರು. ಎರಡು ಸಲವೂ ನಾನೇ ಮಾತಾಡಿದೆ.

ನಾಲ್ಕನೇ ದಿನ ಕಾರು ತಾನೇ ಓಡಿಕೊಂಡು ಬಂತು. ಸಾವಿತ್ರಕ್ಕ ಇಳಿದು ನೇರ ನನ್ನ ಮುಂದೆ ನಿಂತರು.

"ತಮಾ, ಎಂತ ಆಗಿತ್ತಡ ಗೊತ್ತಿದ್ದಾ? ಬ್ಯಾಟರಿ ತಂತಿ ಸಡಿಲ ಆಗಿತ್ತಡ. ಉಜ್ಜಿ ಬಿಗಿ ಮಾಡಿ ಕಳಿಸಿದ್ದ. ಅದರ ಹಿಂದಿನ ದಿನವೇ ಒಬ್ಬ ಬ್ಯಾಟರಿ ಬದಲು ಮಾಡಿಕೊಟ್ಟಿದ್ದ. ಆನು ಅದನ್ನೇ ಹೇಳವು ಹೇಳಿ ಬಂದಿದ್ದಿ. ನೀ ಯಂಗೆ ಬಾಯಿ ಬಿಡ್ಲೇ ಕೊಟ್ಟಿದ್ದಿಲ್ಲೆ."

ಕರೆಂಟು ಸಾಲದಿದ್ದರೆ ಎಲ್ಲ ಕಂಪ್ಯೂಟರುಗಳೂ ಒಟ್ಟಿಗೆ ಕೂಗುತ್ತವೆ, ಒಂಬತ್ತು ಕೋಡು ಒಮ್ಮೆಗೇ ಬಂದರೆ ಮೊದಲು ಬ್ಯಾಟರಿ ನೋಡಬೇಕು ಎಂಬುದು ಈಗ ನಿಮಗೆ ಮೊದಲ ವಾರವೇ ಹೇಳಿಕೊಡುತ್ತಾರೆ. ನಾನು ಅದನ್ನು ಕಲಿತದ್ದು ಹೀಗೆ.

"ನಲವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದ್ದಿ. ಕೈ ಎತ್ತಿದವಕ್ಕೆ ಮಾತಾಡಲೆ ಬಿಡವು" ಎಂದು ಹೇಳಿ, ಲಲಿತಾಳ ಕಡೆ ತಿರುಗಿ, "ಇವಂಗೆ ನೀನಾದ್ರೂ ಸ್ವಲ್ಪ ಹೇಳು ಕೂಸೆ" ಎಂದು ಸಾವಿತ್ರಕ್ಕ ಚಾ ಕುಡಿದು ಹೊರಟರು.

ಅವತ್ತು ಮಧ್ಯಾಹ್ನ ಲಲಿತಾ ಒಂದು ಹೊಸ ನೋಟ್‌ಬುಕ್ಕು ತೆಗೆದು ಸ್ಕೇಲಿನಿಂದ ಗೆರೆ ಎಳೆದಳು. ಐದು ಕಾಲಂ. ಮೊದಲನೆಯದು ಗಾಡಿ. ಎರಡನೆಯದು ಹೇಳಿದ ಮಾತು. ಮೂರನೆಯದು ಎಲ್ಲಿ, ಯಾವಾಗ. ನಾಲ್ಕನೆಯದು ಮಷಿನ್ ತೋರಿಸಿದ್ದು. ಐದನೆಯದು ಮಾಡಿದ ಕೆಲಸ. ಎರಡನೆಯ ಮತ್ತು ಮೂರನೆಯ ಕಾಲಂ ತುಂಬುವವರೆಗೆ ಸ್ಕ್ಯಾನರ್ ಅವಳ ಮೇಜಿನ ಡ್ರಾಯರಿನಲ್ಲಿ, ಕೀಲಿ ಅವಳ ಸೊಂಟದಲ್ಲಿ. ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದಳು. ಈಗ ಓದಿದರೆ ಆ ಜನರ ದನಿಯೇ ಕೇಳುತ್ತದೆ. "ಎರಡನೇ ಗೇರಿಗೆ ಬರುವಾಗ ಬಿಕ್ಕಳಿಸಿದ ಹಾಗೆ ಮಾಡ್ತು." "ಬೆಳಿಗ್ಗೆ ಎದ್ದಾಗ ಸೋಮಾರಿ, ಬಿಸಿಲು ಬಂದ ಮೇಲೆ ಸರಿ." "ನಮ್ಮೆಜಮಾನ್ರು ಓಡಿಸಿದರೆ ಏನೂ ಇಲ್ಲ, ನಾನು ಕೂತರೆ ಮಾತ್ರ ಎಗರುತ್ತದೆ."

"ಇದೆಲ್ಲ ಎಂತಕ್ಕೆ ಬರೀತಿ? ಬಿಕ್ಕಳಿಕೆಗೆ ಕೋಡ್ ಇಲ್ಲ" ಎಂದು ನಾನು ಛೇಡಿಸುತ್ತಿದ್ದೆ.

"ನೀವು ಓದುದಿಲ್ಲ ಅಂತ ಗೊತ್ತು. ನಾನು ಓದ್ತೆ" ಎನ್ನುತ್ತಿದ್ದಳು.

ಈಗ ಬಸಣ್ಣನ ಕಾರಿನ ವಿಷಯ.

ಬಸಣ್ಣ ಬನವಾಸಿ ಕಡೆಯವರು. ಲಾರಿ ಡ್ರೈವರ್ ಆಗಿ ಬಂದು ಉಮ್ಮಚಗಿಯಲ್ಲಿ ಮದುವೆಯಾಗಿ ಉಳಿದವರು. ಘಟ್ಟದಲ್ಲಿ ಒಂದು ಅಪಘಾತವಾಗಿ ಎಡಗಾಲನ್ನು ಮೊಣಕಾಲಿನ ಮೇಲೆಯೇ ತೆಗೆದಿದ್ದರು. ಕೃತಕ ಕಾಲು ಕಚ್ಚುತ್ತದೆಂದು ಹಾಕುತ್ತಿರಲಿಲ್ಲ. ಕಂಕುಳಲ್ಲಿ ಒಂದು ಮರದ ಊರುಗೋಲು. ಎರಡು ವರ್ಷ ಮನೆಯಲ್ಲಿ ಕೂತು, ಆಮೇಲೆ ಒಂದು ಸಣ್ಣ ಆಟೋಮ್ಯಾಟಿಕ್ ಕಾರು ಕೊಂಡು ಮತ್ತೆ ಸ್ಟೀರಿಂಗ್ ಹಿಡಿದರು. ಅವರ ಖಾಯಂ ಸವಾರಿ ಮಂಚಿಕೇರಿ ಕಡೆಯ ಗಂಗಕ್ಕ. ಗಂಗಕ್ಕನಿಗೆ ಮೂತ್ರಪಿಂಡದ ಕಾಯಿಲೆ. ಸೋಮವಾರ ಮತ್ತು ಗುರುವಾರ ಶಿರಸಿಗೆ ಹೋಗಿ ನಾಲ್ಕು ತಾಸು ಯಂತ್ರಕ್ಕೆ ರಕ್ತ ಕೊಟ್ಟು, ತೊಳೆಸಿಕೊಂಡು ಬರಬೇಕು. ಒಂದು ಸಲ ತಪ್ಪಿದರೆ ಮುಖ ಬಾತುಕೊಳ್ಳುತ್ತದೆ, ಎರಡು ಸಲ ತಪ್ಪಿದರೆ ಉಸಿರಿಗೇ ಬರುತ್ತದೆ. ಬಸ್ಸು ಹತ್ತುವ ಶಕ್ತಿ ಅವರಿಗೆ ಇರಲಿಲ್ಲ. ಹಾಗಾಗಿ ಬಸಣ್ಣನ ಕಾರು ನಿಂತರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತಿತ್ತು.

ಅದು ಎಂಥ ಕಾರು ಎಂದು ಸ್ವಲ್ಪ ಹೇಳಬೇಕು. ಒಳಗಿರುವುದು ಸಾಮಾನ್ಯ ಗೇರ್‌ಬಾಕ್ಸೇ, ಸಾಮಾನ್ಯ ಕ್ಲಚ್ಚೇ. ಡ್ರೈವರನ ಎಡಗಾಲು ಮಾಡುವ ಕೆಲಸವನ್ನು ಎಣ್ಣೆಯ ಒತ್ತಡದಲ್ಲಿ ನಡೆಯುವ ಒಂದು ಸಣ್ಣ ಯಂತ್ರ ಮಾಡುತ್ತದೆ. ಕ್ಲಚ್ ಜಾರಿ ಬಿಸಿಯಾದರೆ ಕಂಪ್ಯೂಟರು ಕೋಡು ಬರೆದಿಟ್ಟುಕೊಳ್ಳುತ್ತದೆ.

ಮೊದಲ ಸಲ ಬಂದಾಗ ಬಸಣ್ಣ ಹೇಳಿದ ಮಾತು ನೋಟ್‌ಬುಕ್ಕಿನಲ್ಲಿ ಹೀಗಿದೆ: "ಗಾಡಿ ಜಗ್ಗಲೊಲ್ಲದ್ರಿ. ಸುಟ್ಟ ಗೋಣೀಚೀಲದ ವಾಸನಿ ಬರತೈತಿ." ಮೂರನೆಯ ಕಾಲಂನಲ್ಲಿ ಲಲಿತಾಳ ಅಕ್ಷರ: "ಗಂಗಕ್ಕ ಹತ್ತಿದ ಮೇಲೆ."

ಅದನ್ನು ಅವಳು ಓದಿ ಹೇಳಿದಾಗ ನಾನು ನಕ್ಕೆ. "ಗಂಗಕ್ಕನ ಭಾರಕ್ಕೆ ಕ್ಲಚ್ ಸುಡ್ತದಾ? ಆ ಅಜ್ಜಿ ಒಂದು ಮೂಟೆ ಹತ್ತಿಯಷ್ಟಿಲ್ಲ."

ಸ್ಕ್ಯಾನರ್ ಹಚ್ಚಿದೆ. ಕ್ಲಚ್ ಜಾರುತ್ತಿದೆ ಎಂಬ ಕೋಡು. ಗಾಡಿ ಬಿಚ್ಚಿ ನೋಡಿದರೆ ಪ್ಲೇಟು ನಿಜವಾಗಿಯೂ ಸುಟ್ಟಿತ್ತು. ಹೊಸತು ಹಾಕಿ, ಕೋಡು ಅಳಿಸಿ, ಹೊಸ ಕ್ಲಚ್ಚಿನ ಅಳತೆಯನ್ನು ಕಂಪ್ಯೂಟರಿಗೆ ಕಲಿಸಿ ಕಳಿಸಿದೆ. ಇಲ್ಲಿ ನನ್ನ ಎರಡು ತಪ್ಪಿದೆ. ಪ್ಲೇಟು ಸುಟ್ಟಿದ್ದನ್ನು ನೋಡಿದೆ, ಯಾಕೆ ಸುಟ್ಟಿತು ಎಂದು ಕೇಳಲಿಲ್ಲ. ಎರಡನೆಯದು, ಕೋಡಿನ ಜೊತೆ ಕಂಪ್ಯೂಟರು ಆ ಗಳಿಗೆಯ ಒಂದು ಚಿತ್ರವನ್ನೂ ಇಟ್ಟುಕೊಂಡಿರುತ್ತದೆ. ಫ್ರೀಜ್ ಫ್ರೇಮ್ ಎನ್ನುತ್ತಾರೆ. ಆಗ ವೇಗ ಎಷ್ಟಿತ್ತು, ಆಕ್ಸಿಲರೇಟರ್ ಎಷ್ಟು ಒತ್ತಿತ್ತು, ಎಂಜಿನ್ ಶುರುವಾಗಿ ಎಷ್ಟು ಹೊತ್ತಾಗಿತ್ತು, ಎಲ್ಲ ಅದರಲ್ಲಿರುತ್ತದೆ. ಕೋಡು ಅಳಿಸಿದರೆ ಅದೂ ಹೋಗುತ್ತದೆ. ನಾನು ಬರೆದುಕೊಳ್ಳದೆ ಅಳಿಸಿದ್ದೆ.

ಎರಡು ತಿಂಗಳಿಗೆ ಬಸಣ್ಣ ಮತ್ತೆ ಬಂದರು. ಅದೇ ವಾಸನೆ. ನನಗೆ ಸಿಟ್ಟು ಬಂತು. ಮಾಡಿದ ಕೆಲಸ ಹಾಳಾದರೆ ಬರುವ ಸಿಟ್ಟು. ಎಣ್ಣೆಯ ಒತ್ತಡದ ಯಂತ್ರವೇ ಹೋಗಿದೆ, ಅದು ಹೊರಗಿನಿಂದ ಬರಬೇಕು, ಹತ್ತು ದಿನ ಕಾರು ಇಲ್ಲೇ ಇರಲಿ ಎಂದೆ.

"ಹತ್ತ ದಿನಾ ಅಂದ್ರ ಮೂರ ಪಾಳಿ ತಪ್ಪತಾವ್ರಿ. ಗಂಗಕ್ಕಾರು ತಡಿಯಂಗಿಲ್ಲ" ಎಂದರು ಬಸಣ್ಣ.

"ಅಷ್ಟು ಕಾಳಜಿ ಇದ್ದವರು ಗಾಡಿ ಸರಿ ಓಡಿಸ್ಬೇಕಿತ್ತು. ಲಾರಿ ಓಡಿಸಿದ ಹಾಗೆ ಓಡಿಸಿದ್ರೆ ಇದು ತಡೀತದಾ? ಇರೋ ಒಂದು ಕಾಲನ್ನಾದ್ರೂ ನೋಡಿ ಇಡ್ಬೇಕು."

ಆ ಮಾತು ನನ್ನ ಬಾಯಿಂದ ಬಂತು. ಬಸಣ್ಣ "ಖರೇ ಐತ್ರಿ" ಎಂದು, ಊರುಗೋಲು ಊರಿಕೊಂಡು ಹೊರಗೆ ಹೋಗಿ, ಹಳೆ ಟೈರಿನ ಮೇಲೆ ರಸ್ತೆ ನೋಡುತ್ತ ಕೂತರು.

ಲಲಿತಾ ನನ್ನನ್ನು ನೋಡಿದಳು. ಡ್ರಾಯರಿನಿಂದ ಸ್ಕ್ಯಾನರ್ ತೆಗೆದುಕೊಂಡು ತಾನೇ ಹೋಗಿ ಕಾರಿನಲ್ಲಿ ಕೂತಳು. ಬಹಳ ಹೊತ್ತು ಏನೋ ಒತ್ತಿ ಒತ್ತಿ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಹೊರಗೆ ಹೋಗಿ ಬಸಣ್ಣನ ಪಕ್ಕ ನಿಂತಳು. ನಾನು ಒಳಗಿನಿಂದ ಕೇಳುತ್ತಿದ್ದೆ.

"ಬಸಣ್ಣ, ಮನೆ ಬಿಟ್ಟು ಏಳು ನಿಮಿಷಕ್ಕೆ ನೀವು ಎಲ್ಲಿರ್ತೀರಿ?"

"ಏಳ ನಿಮಿಷಕ್ಕ?" ಬಸಣ್ಣ ಲೆಕ್ಕ ಹಾಕಿದರು. "ಗಂಗಕ್ಕಾರ ಮನಿ ಮುಂದ ಇರ್ತೀನ್ರಿ ಅಕ್ಕಾರ. ಯಾಕ್ರಿ?"

"ಅಲ್ಲಿ ಗಾಡಿ ನಿಲ್ಲಿಸ್ತೀರಲ್ಲ, ಆಗ ಆಕ್ಸಿಲರೇಟರ್ ಮೇಲೆ ಕಾಲು ಇರ್ತದಾ?"

ಬಸಣ್ಣ ಒಳಗೆ ಕೂತ ನನ್ನ ಕಡೆ ಒಂದು ಸಲ ನೋಡಿ, ಮತ್ತೆ ರಸ್ತೆಯ ಕಡೆ ತಿರುಗಿದರು. ನಾನು ಅಂದ ಮಾತಿನ ಮೇಲೆ ಅವರು ಕಾಲಿನ ಬಗ್ಗೆ ಇನ್ನೇನು ಹೇಳಿಯಾರು.

ಲಲಿತಾ ಒಳಗೆ ಬಂದು ನೋಟ್‌ಬುಕ್ಕು ತೋರಿಸಿದಳು. ಎಂಜಿನ್ ಶುರುವಾಗಿ ನಾನೂರ ಇಪ್ಪತ್ತು ಸೆಕೆಂಡು. ವೇಗ ಸೊನ್ನೆ. ಗೇರು ಒಂದು. ಆಕ್ಸಿಲರೇಟರ್ ಒತ್ತಿದೆ. "ಗಾಡಿ ನಿಂತಿದೆ, ಆದರೂ ಆಕ್ಸಿಲರೇಟರ್ ಒತ್ತಿದೆ. ನಾಳೆ ಗುರುವಾರ. ಕಾರು ಇನ್ನೊಂದು ದಿನ ತಡೀತದೆ ಅಲ್ವಾ? ನಾವೂ ಹೋಗುವ" ಎಂದಳು.

ಮರುದಿನ ಬೆಳಿಗ್ಗೆ ಉಮ್ಮಚಗಿಗೆ ಹೋಗಿ ಬಸಣ್ಣನ ಕಾರು ಹತ್ತಿದೆವು. ನಾನು ಮುಂದೆ, ಲಲಿತಾ ಹಿಂದೆ. ಪೀರಣ್ಣನ ಪದ್ಧತಿ, ಇಷ್ಟು ವರ್ಷದ ಮೇಲೆ. ಗಂಗಕ್ಕನ ಮನೆಯ ಮುಂದಿನ ದಾರಿ ಒಳ್ಳೇ ಏರು. ಹಿಂದೆ ಆಳದ ಗಟಾರ. ಬಸಣ್ಣ ಏರಿನ ನಡುವೆ, ಮನೆಯ ಮೆಟ್ಟಿಲಿಗೆ ಸರಿಯಾಗಿ ಕಾರು ನಿಲ್ಲಿಸಿ ಹಾರ್ನ್ ಹಾಕಿದರು. ಸೊಸೆಯ ಕೈ ಹಿಡಿದು ಗಂಗಕ್ಕ ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು.

ನಾನು ಬಸಣ್ಣನ ಪಾದ ನೋಡಿದೆ. ಬ್ರೇಕಿನ ಮೇಲೆ ಇರಲಿಲ್ಲ. ಆಕ್ಸಿಲರೇಟರನ್ನು ಹದವಾಗಿ ಒತ್ತಿ, ಕಾರು ಮುಂದೆಯೂ ಹೋಗದ ಹಾಗೆ, ಹಿಂದೆಯೂ ಜಾರದ ಹಾಗೆ ಏರಿನಲ್ಲಿ ಹಿಡಿದು ನಿಲ್ಲಿಸಿದ್ದರು. ಲಾರಿಯವರು ಅರ್ಧ ಕ್ಲಚ್ಚಿನಲ್ಲಿ ನಿಲ್ಲಿಸುತ್ತಾರಲ್ಲ, ಹಾಗೆ. ಗಂಗಕ್ಕ ಬಂದು ಕೂರಲು ನಾಲ್ಕು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಕ್ಲಚ್ ಉಜ್ಜಿಕೊಂಡು ಬೇಯುತ್ತಿತ್ತು. ಗೋಣೀಚೀಲದ ವಾಸನೆ ಬಂತು.

"ಎಂತಾ ಬಸಣ್ಣಾ, ಇವತ್ತು ದಿಬ್ಬಣ ಕಟ್ಟಿಕೊಂಡು ಬೈಂದ್ಯಾ?" ಎಂದರು ಗಂಗಕ್ಕ, ನಮ್ಮನ್ನು ನೋಡಿ.

"ಹ್ಯಾಂಡ್‌ಬ್ರೇಕ್ ಹಾಕಬಹುದಲ್ಲ?" ಎಂದು ನಾನು ಮೆಲ್ಲಗೆ ಕೇಳಿದೆ. ಕೇಳುತ್ತ ಕೈ ಚಾಚಿದೆ. ಹ್ಯಾಂಡ್‌ಬ್ರೇಕ್ ಸಿಗಲಿಲ್ಲ. ಎರಡು ಸೀಟಿನ ನಡುವೆ, ಅದರ ಮೇಲೆ ಅಡ್ಡಲಾಗಿ, ಬಸಣ್ಣನ ಊರುಗೋಲು ಮಲಗಿತ್ತು.

ಗ್ಯಾರೇಜಿಗೆ ಬಂದಾಗಲೆಲ್ಲ ಆ ಊರುಗೋಲು ಬಸಣ್ಣನ ಕಂಕುಳಲ್ಲಿ ಇಳಿದುಹೋಗುತ್ತಿತ್ತು. ಖಾಲಿ ಕಾರನ್ನು ಯಲ್ಲಾಪುರದ ಸಪಾಟು ರಸ್ತೆಯಲ್ಲಿ ನಾನೇ ಓಡಿಸಿ ನೋಡುತ್ತಿದ್ದೆ. ಕಾಣುವುದು ಹೇಗೆ?

"ಮೊದ್ಲ ಕಾಲ್ ಬ್ರೇಕ್ ಹಿಡೀತಿದ್ನಿರಿ" ಎಂದರು ಬಸಣ್ಣ. "ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ಗೆ ಬರೂದ್ರಾಗ ಗಾಡಿ ಗೇಣ ಹಿಂದಕ್ಕ ಜಾರತೈತಿ. ಒಂದಿನ ಹಂಗ ಜಾರಿದಾಗ ಗಂಗಕ್ಕಾರು ಭಾಳ ಅಂಜಿದ್ರು. ಅಂಜಿ ಉಸರ ಹತ್ತಿಬಿಡ್ತು. ಅವತ್ತಿಂದ ಹಿಂದಕ್ಕ ಬಿಟ್ಟಿಲ್ರಿ ನಾ."

"ಅಯ್ಯೋ, ಯನ್ನ ಸಲುವಾಗಿ ಇಷ್ಟೆಲ್ಲ ಆತಾ?" ಎಂದರು ಗಂಗಕ್ಕ.

ಹಿಂದಿನ ಸೀಟಿನಿಂದ ಲಲಿತಾ ನನ್ನ ಹೆಗಲು ಮುಟ್ಟಿದಳು. ಅಷ್ಟೇ.

ಆ ದಿನ ಶಿರಸಿಯಿಂದ ಬಂದ ಮೇಲೆ ಒಂದು ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಒಳಗೆ ಹಳೆ ಟ್ಯೂಬಿನ ರಬ್ಬರ್ ಅಂಟಿಸಿ, ಡ್ರೈವರ್ ಸೀಟಿನ ಬಲಗಡೆ ಬಾಗಿಲಿನ ಪಕ್ಕ ಕೂರಿಸಿದೆ. ಊರುಗೋಲು ಅದರಲ್ಲಿ ಟಪ್ ಎಂದು ಕೂರುತ್ತಿತ್ತು. ಹ್ಯಾಂಡ್‌ಬ್ರೇಕಿನ ಕೇಬಲ್ ಬಿಗಿ ಮಾಡಿದೆ. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಗಾಡಿ ಎಳೆಯತೊಡಗಿದ ಮೇಲೆ ಬಿಡುವುದನ್ನು ಬಸಣ್ಣ ಎರಡೇ ಸಲಕ್ಕೆ ಹಿಡಿದರು. ಭಾನುವಾರ ಕೂತು ಪ್ಲೇಟು ಬದಲಾಯಿಸಿ, ಸೋಮವಾರ ಬೆಳಿಗ್ಗೆಗೆ ಕಾರು ಕೊಟ್ಟೆ. ಒಂದು ಪಾಳಿಯೂ ತಪ್ಪಲಿಲ್ಲ. ಆರು ವರ್ಷವಾಯಿತು, ಈಗಲೂ ಅದೇ ಪ್ಲೇಟು.

ಕಾರು ಕೊಡುವಾಗ, "ಬಸಣ್ಣ, ಅವತ್ತು ನಾನು ಅಂದದ್ದು ತಪ್ಪಾಯ್ತು" ಎಂದೆ.

"ಯಾವತ್ತ್ರಿ? ನಂಗ ನೆಪ್ಪಿಲ್ಲ ಬಿಡ್ರಿ" ಎಂದರು. ನೆನಪಿತ್ತು. ಕಣ್ಣಿನಲ್ಲಿ ಕಾಣುತ್ತಿತ್ತು.

ಆಮೇಲೆ ಕೆಲಸದ ರೀತಿ ಬಹಳ ಬದಲಾಯಿತು. ಈಗಿನ ಎಷ್ಟೋ ಗೇರ್‌ಬಾಕ್ಸಿನಲ್ಲಿ ಎಣ್ಣೆ ನೋಡುವ ಕಡ್ಡಿಯೇ ಇಲ್ಲ. ಪೀರಣ್ಣ ಇದ್ದಿದ್ದರೆ ಕಾಗದ ಹಿಡಿದುಕೊಂಡು ಸುಮ್ಮನೆ ನಿಲ್ಲಬೇಕಾಗುತ್ತಿತ್ತು. ಸ್ಕ್ಯಾನರ್ ಫೋನಿನಷ್ಟಾಗಿದೆ, ವೈರೂ ಇಲ್ಲ. ಕೆಲವು ದೋಷಕ್ಕೆ ಸ್ಪ್ಯಾನರೇ ಬೇಡ, ಹೊಸ ಸಾಫ್ಟ್‌ವೇರ್ ಹಾಕಿದರೆ ಸಾಕು. ಏರಿನಲ್ಲಿ ಜಾರದ ಹಾಗೆ ತಾನೇ ಹಿಡಿದು ನಿಲ್ಲುವ ಕಾರುಗಳೂ ಬಂದಿವೆ. ನೀವು ನನಗಿಂತ ಬೇಗ ಕಲಿಯುತ್ತೀರಿ, ನನಗೆ ಅನುಮಾನವಿಲ್ಲ. ನನ್ನ ಕಡೆಯಿಂದ ಮೂರು ಮಾತು ಮಾತ್ರ. ಕೋಡು ಅಳಿಸುವ ಮೊದಲು ಎಲ್ಲವನ್ನೂ ಬರೆದುಕೊಳ್ಳಿ. ಸಾಮಾನು ಬದಲಾಯಿಸುವ ಮೊದಲು ಅದು ಯಾಕೆ ಹಾಳಾಯಿತು ಎಂದು ಕೇಳಿ. ಮತ್ತೆ, ಗಾಡಿಯವರ ಪಕ್ಕ ಕೂತು ಅವರ ದಾರಿಯಲ್ಲೇ ಒಮ್ಮೆ ಹೋಗಿ ಬನ್ನಿ. ಮೂರೂ ನನ್ನವಲ್ಲ, ಒಂದು ಪೀರಣ್ಣನದು, ಎರಡು ಲಲಿತಾಳವು.

ಮೂರು ವರ್ಷದ ಹಿಂದೆ ಲಲಿತಾ ಒಂದು ಬೆಳಿಗ್ಗೆ ಮೇಜಿನಿಂದ ಏಳಲು ಹೋಗಿ ಕುಸಿದಳು. ಆಸ್ಪತ್ರೆಗೆ ಒಯ್ದರೆ, ಎರಡೂ ಮೂತ್ರಪಿಂಡ ಬಹಳ ಮಟ್ಟಿಗೆ ಹೋಗಿವೆ, ಸ್ವಲ್ಪ ಮೊದಲೇ ಬಂದಿದ್ದರೆ ಎಂದರು. ಡಯಾಲಿಸಿಸ್‌ಗೆ ನಮಗೆ ಜಾಗ ಸಿಕ್ಕಿದ್ದು ಶಿರಸಿಯಲ್ಲಿ. ಸೋಮವಾರ, ಗುರುವಾರ. ನಾನು ಕೇಳುವ ಮೊದಲೇ ಬಸಣ್ಣ ಮನೆ ಮುಂದೆ ಕಾರು ತಂದು ನಿಲ್ಲಿಸಿದರು. ನಮ್ಮನ್ನು ಹತ್ತಿಸಿಕೊಂಡು, ದಾರಿಯಲ್ಲಿ ಗಂಗಕ್ಕನನ್ನೂ ಹತ್ತಿಸಿಕೊಂಡು ಶಿರಸಿಗೆ ಹೋಗುತ್ತಿದ್ದರು. ಆ ಏರಿನಲ್ಲಿ ಕಾರು ನಿಂತಾಗಲೆಲ್ಲ ಲಲಿತಾ ಹಿಂದಿನಿಂದ, "ಹ್ಯಾಂಡ್‌ಬ್ರೇಕ್ ಹಾಕಿದ್ರಾ ಬಸಣ್ಣ?" ಎಂದು ಕೇಳುತ್ತಿದ್ದಳು.

"ಹಾಕೇನ್ರಿ ಅಕ್ಕಾರ. ಬರಕೊಳ್ರಿ ನಿಮ್ಮ ಪುಸ್ತಕದಾಗ."

ಎರಡು ವರ್ಷ ಹೀಗೆ ಹೋದೆವು. ಆಮೇಲೆ ಹಿಂದಿನ ಸೀಟಿನಲ್ಲಿ ಗಂಗಕ್ಕ ಒಬ್ಬರೇ.

ಇದನ್ನು ಬರೆಯಲು ಕೂತಾಗ, ಬಸಣ್ಣ ಹೇಳಿದ ಮಾತುಗಳನ್ನು ಹುಡುಕಲು ನೋಟ್‌ಬುಕ್ಕುಗಳನ್ನು ಒಂದೊಂದಾಗಿ ತಿರುವಿದೆ. ಅವಳು ಕುಸಿದುಬಿದ್ದ ವರ್ಷದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ, ಉಳಿದೆಲ್ಲವುಗಳಿಂದ ಬೇರೆಯಾಗಿ, ಅದೇ ಐದು ಕಾಲಂ ಎಳೆದು ಮೂರು ಸಾಲು ಬರೆದಿದ್ದಳು. ಗಾಡಿ ಎಂಬಲ್ಲಿ ‘ನಾನು’ ಎಂದಿತ್ತು.

ಮೊದಲ ಸಾಲು, ಹೇಳಿದ ಮಾತು: "ಸಂಜೆಗೆ ಚಪ್ಪಲಿ ಬಿಗಿಯಾಗುತ್ತದೆ." ಎಲ್ಲಿ, ಯಾವಾಗ: "ಮೇಜಿನ ಹತ್ತಿರ, ಶಟರ್ ಎಳೆಯುವಾಗ." ಎರಡನೆಯದು: "ಮನೆ ಮೆಟ್ಟಿಲು ಹತ್ತಿದರೆ ಉಸಿರು ಸಾಲುವುದಿಲ್ಲ." ಮೂರನೆಯದು ಎರಡು ತಿಂಗಳ ನಂತರದ್ದು: "ಹೊಸ ಚಪ್ಪಲಿಯೂ ಬಿಗಿ." ಎದುರಿಗೆ, "ಬೆಳಿಗ್ಗೆಯೇ." ಮೂರಕ್ಕೂ ಕೊನೆಯ ಎರಡು ಕಾಲಂ ಖಾಲಿ.

ಯಾಕೆ ಬಾಯಿ ಬಿಟ್ಟು ಹೇಳಲಿಲ್ಲ ಇವಳು ಎಂದು ಮೊದಲು ಸಿಟ್ಟು ಬಂತು. ಆಮೇಲೆ ನೆನಪಾಯಿತು. ಹೇಳಿದ್ದಳು. ನಾನು ಒಂದು ಗೇರ್‌ಬಾಕ್ಸಿನ ಕೆಳಗೆ ಮಲಗಿದ್ದೆ. ಪಕ್ಕದಲ್ಲಿ ಅವಳ ಪಾದಗಳು ಕಾಣುತ್ತಿದ್ದವು. ಚಪ್ಪಲಿಯ ಪಟ್ಟಿ ಪಾದದಲ್ಲಿ ಹೂತುಕೊಂಡಿತ್ತು. "ಚಪ್ಪಲಿ ಎಂತಕೋ ಬಿಗಿ ಆಗ್ತದೆ ಮಾರಾಯ್ರೆ" ಎಂದಳು. ಎಲ್ಲಿ, ಯಾವಾಗ, ಎಷ್ಟು ದಿನದಿಂದ ಎಂದು ನಾನು ಕೇಳಲಿಲ್ಲ. ಮರುದಿನವೇ ಪೇಟೆಗೆ ಹೋಗಿ ಹೊಸತು ತಂದೆ. ಕಂದು ಬಣ್ಣದ್ದು, ಮೆತ್ತಗಿನ ಪಟ್ಟಿಯದ್ದು. ಅವಳು ಹಾಕಿಕೊಂಡು ಗ್ಯಾರೇಜಿನಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸಿ, "ಈಗ ಆರಾಮಾಯ್ತು" ಎಂದಿದ್ದಳು. ನಾನು ಮತ್ತೆ ಗಾಡಿಯ ಕೆಳಗೆ ಹೋಗಿದ್ದೆ.

ನೋಟ್‌ಬುಕ್ಕು ಅರ್ಧಕ್ಕೆ ಬಿಡುವವಳಲ್ಲ ಅವಳು. ಮೊನ್ನೆ ಅವಳ ಪೆನ್ನು ತೆಗೆದುಕೊಂಡು, ಮೊದಲ ಸಾಲಿನ ಮುಂದೆ, ಮಾಡಿದ ಕೆಲಸ ಎಂಬ ಕಾಲಂನಲ್ಲಿ ನನ್ನ ಸೊಟ್ಟ ಅಕ್ಷರದಲ್ಲಿ ಬರೆದೆ: "ಒಂದು ಸೈಜು ದೊಡ್ಡ ಚಪ್ಪಲಿ ತಂದುಕೊಟ್ಟೆ."